ಅರ್ಧ ಲೆಕ್ಕದ ವಿಮೋಚನೆ

ನಮ್ಮ ಭಾಗದಲ್ಲಿ ವಿಮೋಚನಾ ಸಾಹಿತ್ಯ ಎಂದು ಯಾವುದನ್ನು ಕರೆಯುತ್ತ ಬಂದಿದ್ದಾರೋ ಅದು ಅರ್ಧ ಲೆಕ್ಕದ ಸಾಹಿತ್ಯ. ಈ ಮಾತಿಗೆ ಕೆಲವರಿಗೆ ಸಿಟ್ಟು ಬರ್ತದ. ಬರಲಿ. ವರ್ಷಕ್ಕೊಮ್ಮೆ ಸೆಪ್ಟೆಂಬರ್ 17ಕ್ಕೆ ಧ್ವಜ ಏರಿಸಿ, ಪಟೇಲರ ಫೋಟೋಕ್ಕೆ ಹಾರ ಹಾಕಿ, ಭಾಷಣ ಕೇಳಿ ಮನಿಗೆ ಹೋಗುವವರಿಗೆ ಲೆಕ್ಕ ಚುಕ್ತಾ ಆಗಿರಬಹುದು. 2019ರಲ್ಲಿ ವಿಮೋಚನಾ ದಿನದ ಹೆಸರು ಬದಲಿಸಿ ಕಲ್ಯಾಣ ಕರ್ನಾಟಕ ಉತ್ಸವ ಅಂದರು. ಹೆಸರು ಬದಲಾಯಿತು, ಲೆಕ್ಕ ಹಾಂಗೇ ಉಳೀತು. ಆದರೆ ರಾವೂರ, ವಾಡಿ, ಶಹಾಬಾದ, ಚಿತ್ತಾಪುರದ ಕೇರಿಗಳಲ್ಲಿ ಹಳೇ ಮಂದಿ ತಮ್ಮ ವಯಸ್ಸು ಹೇಳುವ ರೀತಿ ಕೇಳಿರಿ. ಒಬ್ಬರು "ರಜಾಕಾರರ ಗದ್ದಲದಾಗ ನಾ ತೊಟ್ಟಿಲದಾಗಿದ್ದೆ" ಅಂತಾರ. ಇನ್ನೊಬ್ಬರು "ಪೊಲೀಸ್ ಆಕ್ಷನ್ ಗದ್ದಲದಾಗ ನಮ್ಮವ್ವ ನನ್ನ ಹಡದಳು" ಅಂತಾರ. ಜನರ ನೆನಪಿನಾಗ ಎರಡು ಗದ್ದಲ ಅವ. ನಮ್ಮ ಪುಸ್ತಕದಾಗ ಒಂದೇ ಅದ.

ಈ ಒಂದು ಎರಡರ ನಡುವಿನ ಅಂತರವನ್ನೇ ನಾವಿಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ಸರ್ವಾಧಿಕಾರ ಹೆಂಗ ಹುಟ್ಟತದ, ಅದು ಕಗ್ಗೊಲೆಗೆ ಹೆಂಗ ತಿರುಗತದ ಎಂಬುದನ್ನು ತಿಳಿಯಲು ನಾವು ಜರ್ಮನಿಗೇ ಹೋಗಬೇಕಾಗಿಲ್ಲ. ಗುಲ್ಬರ್ಗಾ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಆ ಪಾಠ ಮನೆಬಾಗಿಲಲ್ಲೇ ಬಿದ್ದಿದೆ. ಅದನ್ನು ಓದುವ ಕಣ್ಣು ನಮ್ಮ ಸಾಹಿತ್ಯಕ್ಕೆ ಬಂದಿಲ್ಲ ಅಷ್ಟೆ.

ಮೊದಲು ಹೊಟ್ಟೆಯ ಮಾತು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಚಿತ್ರವನ್ನು 1937ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಮುಖಪುಟದಲ್ಲಿ ಹಾಕಿ, ಜಗತ್ತಿನ ಅತ್ಯಂತ ಶ್ರೀಮಂತ ಎಂದು ಕರೆಯಿತು. ಅದೇ ಸಂಸ್ಥಾನದಲ್ಲಿ 1941ರ ಖಾನೇಶುಮಾರಿಯ ಪ್ರಕಾರ 1 ಕೋಟಿ 60 ಲಕ್ಷಕ್ಕೂ ಹೆಚ್ಚು ಜನ. ನೆಲದ ಹತ್ತರಲ್ಲಿ ಒಂದು ಪಾಲು ಖಾಸಾ ನಿಜಾಮನದು, ಅದಕ್ಕೆ ಸರ್ಫೆಖಾಸ್ ಎಂದು ಹೆಸರು. ಸುಮಾರು ಮೂರು ಪಾಲು ಜಾಗೀರದಾರರು, ಪೈಗಾ ನವಾಬರು, ಸಂಸ್ಥಾನಿಕರದು. ಉಳಿದದ್ದು ದಿವಾನಿ. ದಿವಾನಿ ಅಂದಕೂಡಲೇ ರೈತನ ಕೈಗೆ ಬಂತು ಅಂತ ತಿಳಿಯಬಾರದು. ಅಲ್ಲಿ ದೇಶಮುಖ, ದೇಶಪಾಂಡೆ, ಮಾಲಿ ಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ ಕೂತಿದ್ದರು. ಕೂತವರೊಳಗೆ ಹಿಂದೂಗಳೇ ಬಹಳ. ಕೇರಿಯವನಿಗೆ ಬಿಟ್ಟಿ ಬೇಗಾರ: ಅಧಿಕಾರಿ ಬಂದರೆ ಹೊರೆ ಹೊರೋದು, ಗೌಡರ ಮನಿ ಕಟ್ಟಿಗಿ ಒಡೆಯೋದು, ಸತ್ತ ದನ ಎಳೆಯೋದು, ಕೂಲಿ ಕೇಳಿದರೆ ಏಟು ತಿನ್ನೋದು. ಈ ವ್ಯವಸ್ಥೆಗೆ ಎರಡನೇ ಮಹಾಯುದ್ಧದ ತುಟ್ಟಿ ಬಂದು ಬಡಿಯಿತು. ಧಾನ್ಯದ ಲೆವಿ ಬಂತು. ಬೆಳೆದವನು ಸರಕಾರ ಹೇಳಿದಷ್ಟು ಧಾನ್ಯವನ್ನು ಸರಕಾರ ಹೇಳಿದ ದರಕ್ಕೆ ಅಳೆಯಬೇಕು. ದೊಡ್ಡವರ ಹಗೇವು ಅಳೆಯುವ ಧೈರ್ಯ ಯಾವ ಗಿರದಾವರನಿಗಿತ್ತು? ಸಣ್ಣ ರೈತನ ಗುಮ್ಮಿ ಬರಿದಾಯಿತು. ದೊಡ್ಡವರ ಜ್ವಾಳ ಕಾಳಸಂತಿಗೆ ಹೋಯಿತು. ಸಣ್ಣ ರೈತನ ಗುಮ್ಮಿ ಬರಿದಾದ ಮ್ಯಾಲ ಕೂಲಿಯವನಿಗೆ ಏನು ಸಿಗತದ?

ಆದರೆ ಹಸಿವಿನಿಂದ ನೇರವಾಗಿ ಸರ್ವಾಧಿಕಾರ ಹುಟ್ಟುವುದಿಲ್ಲ. ಹಾಗಾಗಿದ್ದರೆ ನಮ್ಮ ಜಿಲ್ಲೆಯಲ್ಲಿ ಬರಗಾಲಕ್ಕೊಬ್ಬ ಹಿಟ್ಲರ್ ಹುಟ್ಟಬೇಕಿತ್ತು. ಇದೇ ಲೆವಿ, ಇದೇ ಬೇಗಾರದ ವಿರುದ್ಧ ನಲಗೊಂಡಾ, ವರಂಗಲ್ ಕಡೆ ಬಡವರು ಸಂಘ ಕಟ್ಟಿದರು. 1946ರ ಜುಲೈ 4ರಂದು ದೊಡ್ಡಿ ಕೊಮರಯ್ಯ ಗುಂಡಿಗೆ ಬಿದ್ದ ಮೇಲೆ ಅದು ಸಶಸ್ತ್ರ ಹೋರಾಟವಾಯಿತು. ಅಲ್ಲಿ ಹಸಿದವನ ಕೈ ದೊರೆಗಳ ಗಡಿಯ ಕಡೆಗೆ ಏಳಿತು. ನಮ್ಮ ಮೂರು ಕನ್ನಡ ಜಿಲ್ಲೆಗಳಲ್ಲಿ, ಅಂದರೆ ಗುಲ್ಬರ್ಗಾ, ರಾಯಚೂರು, ಬೀದರದಲ್ಲಿ, ಅಂಥ ರೈತಕೂಲಿಗಳ ದೊಡ್ಡ ಸಂಘಟನೆ ಇರಲಿಲ್ಲ. ಖಾಲಿ ಬಿದ್ದ ಆ ಜಾಗದಲ್ಲಿ ಬೇರೆಯವರು ಬಂದು ಕೂತರು.

ಬಂದವರು ಹಸಿದ ಮುಸಲ್ಮಾನನಿಗೆ ರೊಟ್ಟಿ ಕೊಡಲಿಲ್ಲ, ಕಿರೀಟ ಕೊಟ್ಟರು. ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ 'ಅನಲ್ ಮಲಿಕ್' ಎಂಬ ಸಿದ್ಧಾಂತವನ್ನು ನಮ್ಮ ವಿಮರ್ಶಕರು ಸರಿಯಾಗಿ ನೋಡಿಯೇ ಇಲ್ಲ. 'ನಾನೇ ಒಡೆಯ' ಎಂದು ಅದರ ಅರ್ಥ. ಈ ನೆಲದ ಒಡೆತನ ನಿಜಾಮನೊಬ್ಬನದಲ್ಲ, ಇಲ್ಲಿನ ಪ್ರತಿಯೊಬ್ಬ ಮುಸಲ್ಮಾನನದು, ನಿಜಾಮ ಅದರ ಗುರುತು ಮಾತ್ರ ಎಂಬುದು ಅದರ ಸಾರ. ಗಾಲಿ ಹೊಡೆಯುವವ, ಬೀಡಿ ಕಟ್ಟುವವ, ಫರ್ಸಿ ಒಡೆಯುವವ, ಮಗ್ಗದ ಕುಣಿಯಲ್ಲಿ ಕೂತವ, ಇವರೆಲ್ಲ ಬೆಳಗಾಗುವುದರೊಳಗೆ ಅರಸರಾದರು. ಕೈಯಾಗ ರೊಕ್ಕಿಲ್ಲ, ಹೊಲ ಇಲ್ಲ, ಹೊಟ್ಟಿಗೆ ಕೂಳಿಲ್ಲ, ಖರೆ ಅವ ಅರಸ! ಜಾಗೀರದಾರನ ಜಾಗೀರಿನಾಗ ಒಂದು ಗುಂಟೆ ಸಹ ಬಡವನ ಕಡೆ ಸರಿಯಲಿಲ್ಲ. ಇಷ್ಟು ಅಗ್ಗದಾಗ ಬಡವನನ್ನು ಕೊಂಡ ಇನ್ನೊಂದು ವ್ಯಾಪಾರ ನಾವು ಕೇಳಿಲ್ಲ. ಮೇಲುಜಾತಿಯ ಬಡವನಿಗೆ ನಮ್ಮೂರಲ್ಲಿ ಜಾತಿ ಕೊಟ್ಟಿರುವುದೂ ಇಂಥದೇ ಕಿರೀಟ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಲಾತೂರಿನ ವಕೀಲ ಕಾಸಿಂ ರಜವಿ 1946ರಲ್ಲಿ ಈ ಸಂಘಟನೆಯ ಮುಂದಾಳಾದ. ಅದರ ಸ್ವಯಂಸೇವಕ ಪಡೆಯಾಗಿದ್ದ ರಜಾಕಾರರು ಅವನ ಕೈಯಲ್ಲಿ ಖಾಸಗಿ ಸೈನ್ಯವಾದರು. ನಿಜಾಮನಿಗೂ ಅವನ ಅಮೀರರಿಗೂ ಇದು ಬೇಕಾಗಿತ್ತು: ಒಂದು ಕಡೆ ಭಾರತ ಸರಕಾರ, ಒಂದು ಕಡೆ ಕೆಂಬಾವುಟ, ನಡುವೆ ಕಾವಲಿಗೆ ಒಂದು ನಾಯಿ. ನಾಯಿ ತಮ್ಮ ಹಗ್ಗದಾಗ ಇರತದ ಅಂತ ಅವರು ತಿಳಿದರು. 1947ರ ಅಕ್ಟೋಬರ್ ಕೊನೆಯಲ್ಲಿ ದಿಲ್ಲಿಗೆ ಸಂಧಾನಕ್ಕೆ ಹೊರಟಿದ್ದ ನಿಯೋಗದ ಮನೆಗಳಿಗೆ ರಜವಿಯ ಗುಂಪು ಮುತ್ತಿಗೆ ಹಾಕಿತು. ನಿಯೋಗ ಹೊರಡಲಿಲ್ಲ. ಪ್ರಧಾನಮಂತ್ರಿಯಾಗಿದ್ದ ಛತ್ತಾರಿಯ ನವಾಬ ರಾಜೀನಾಮೆ ಕೊಟ್ಟ. ಮೀರ್ ಲಾಯಕ್ ಅಲಿ ಬಂದ. ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿದ್ದರೂ ಅಷ್ಟೊತ್ತಿಗೆ ಹಗ್ಗ ನಾಯಿಯ ಬಾಯಾಗಿತ್ತು.

ಇಲ್ಲಿ ಜರ್ಮನಿಯ ನೆನಪಾಗುವುದು ಸಹಜ. 1923ರಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿತ್ತು. ಆದರೂ 1928ರ ಚುನಾವಣೆಯಲ್ಲಿ ಹಿಟ್ಲರನ ಪಕ್ಷಕ್ಕೆ ಬಿದ್ದ ಮತ ಶೇಕಡಾ 2.6 ಮಾತ್ರ. 1929ರ ಜಗತ್ತಿನ ಆರ್ಥಿಕ ಕುಸಿತ ಬಂದು 60 ಲಕ್ಷ ಮಂದಿ ಕೆಲಸ ಕಳಕೊಂಡ ಮೇಲೆ, 1932ರ ಜುಲೈನಲ್ಲಿ ಅದು ಶೇಕಡಾ 37 ದಾಟಿತು. ಹಂಗಾದರೂ ಬಹುಮತ ಬರಲಿಲ್ಲ. ನವೆಂಬರ್ ಹೊತ್ತಿಗೆ ಅವನ ಮತ ಇಳಿಯತೊಡಗಿತ್ತು. ಇಳಿಯುತ್ತಿದ್ದವನನ್ನು ಎತ್ತಿ ಕುರ್ಚಿಗೆ ಕೂಡಿಸಿದವರು ಹಿಂಡೆನ್‌ಬರ್ಗ್, ಪಾಪೆನ್‌ರಂಥ ದೊಡ್ಡ ಮನೆಯವರು. ಕಮ್ಯುನಿಸ್ಟರ ಭಯಕ್ಕೆ ಈ ಪುಂಡ ಒಳ್ಳೆಯ ಮದ್ದು, ಇವನನ್ನು ನಾವು ಪಳಗಿಸತೇವೆ ಅಂದರು. 1933ರ ಜನವರಿ 30ರಂದು ಪಟ್ಟ. ಫೆಬ್ರವರಿ 27ಕ್ಕೆ ಸಂಸತ್ತಿಗೆ ಬೆಂಕಿ. ಮಾರ್ಚ್ 23ಕ್ಕೆ ಎಲ್ಲ ಅಧಿಕಾರ ಅವನ ಕೈಗೆ. ಎರಡು ತಿಂಗಳೂ ಹಿಡಿಯಲಿಲ್ಲ. ಆಮೇಲೆ 60 ಲಕ್ಷ ಯಹೂದಿಗಳ ಕೊಲೆ. ನಮ್ಮ ನವ್ಯ ಕವಿಗಳು ಆಶ್ವಿಜ್ ಬಗ್ಗೆ ಕಣ್ಣೀರು ಹಾಕುವುದನ್ನು ಕಲಿತಿದ್ದಾರೆ. ತಪ್ಪಲ್ಲ. ಆದರೆ ಆ ಕಣ್ಣೀರು ಬೀದರಕ್ಕೆ ಬರುವ ಹೊತ್ತಿಗೆ ಯಾಕೆ ಬತ್ತಿತು?

ರಜಾಕಾರರ ಹಾವಳಿಯನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನಮಗಿಲ್ಲ. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ಆದದ್ದು ಕಗ್ಗೊಲೆಯೇ. ಸುಮಾರು 200 ಮಂದಿ ಸತ್ತರೆಂಬುದು ಅಲ್ಲಿನ ಜನರ ಲೆಕ್ಕ. 2023ರಲ್ಲಿ ಅಲ್ಲಿ ಸ್ಮಾರಕವೂ ಆಯಿತು. ಅದೇ ಜಿಲ್ಲೆಯ ವರವಟ್ಟಿಯಲ್ಲಿ ರಜಾಕಾರರು ಹಚ್ಚಿದ ಬೆಂಕಿಗೆ ಮಲ್ಲಿಕಾರ್ಜುನ ಖರ್ಗೆಯವರ ತಾಯಿ, ತಂಗಿ ಸುಟ್ಟುಹೋದರು. ಬೆಂದದ್ದು ದಲಿತನ ಮನೆ. 2024ರಲ್ಲಿ ಈ ಸಾವನ್ನು ಚುನಾವಣೆಯ ಮಾತಾಗಿ ಎಳೆದಾಗ ಆ ಮನೆಯ ಮೊಮ್ಮಗ, ನಮ್ಮ ಚಿತ್ತಾಪುರದ ಶಾಸಕ ಪ್ರಿಯಾಂಕ್ ಖರ್ಗೆ, ಕೊಂದವರು ರಜಾಕಾರರು, ಇಡೀ ಮುಸ್ಲಿಂ ಸಮುದಾಯವಲ್ಲ ಎಂದರು. ಪಕ್ಷದ ಮಾತು ಬಿಡಿರಿ, ನಮಗದು ಬೇಕಿಲ್ಲ. ಸ್ವಂತ ಮನೆ ಸುಟ್ಟವರು ಹಿಡಿದ ಈ ವಿವೇಕವನ್ನು ಮನೆ ಸುಡದ ನಮ್ಮ ಲೇಖಕರು ಹಿಡಿಯಲಿಲ್ಲವಲ್ಲ ಎಂಬುದಷ್ಟೇ ನಮ್ಮ ತಕರಾರು. ಇನ್ನೊಂದನ್ನೂ ಮರೆಯಬಾರದು. ಹೈದರಾಬಾದು ಭಾರತಕ್ಕೆ ಸೇರಲಿ ಎಂದು 'ಇಮ್ರೋಜ್' ಪತ್ರಿಕೆಯಲ್ಲಿ ಬರೆದ ಶೋಯೆಬುಲ್ಲಾ ಖಾನ್‌ನನ್ನು 1948ರ ಆಗಸ್ಟಿನಲ್ಲಿ ನಡುಬೀದಿಯಲ್ಲಿ ಕೊಂದರು, ಬರೆದ ಕೈಯನ್ನೇ ಕಡಿದರು. ಸರ್ವಾಧಿಕಾರ ಮೊದಲು ತನ್ನವರ ನಾಲಗೆಯನ್ನೇ ಕತ್ತರಿಸತದ.

ರಜಾಕಾರರ ದಂಧೆಯ ಸ್ವರೂಪವನ್ನು ನೋಡಿದರೆ ಧರ್ಮದ ಹೊದಿಕೆ ಕೆಳಗೆ ರೊಕ್ಕದ ಗಂಟು ಕಾಣಸ್ತದ. ಊರೂರಿಗೂ ತಿಂಗಳಿಗಿಷ್ಟು ಎಂದು ವಸೂಲಿ. ಕೊಟ್ಟ ಊರಿಗೆ ಬಹುಮಟ್ಟಿಗೆ ತಂಟೆ ಇಲ್ಲ. ಕೊಡದ ಊರಿಗೆ ಲೂಟಿ, ಬೆಂಕಿ. ಅತ್ತ ಭಾರತ ಸರಕಾರದ ದಿಗ್ಬಂಧನದಿಂದ ಪೆಟ್ರೋಲು, ಔಷಧದಂಥವು ಸಿಗದೆ ಹೋದವು. ಸಂಸ್ಥಾನದ ಹೊರಗೆ ದಂಗೆಯಲ್ಲಿ ಮನೆಮಾರು ಕಳಕೊಂಡ ಮುಸಲ್ಮಾನ ನಿರಾಶ್ರಿತರು ಹಿಂಡುಹಿಂಡಾಗಿ ಒಳಗೆ ಬಂದರು, ಬರುವಾಗ ಕಂಡ ಹೆಣಗಳ ಕತೆಗಳನ್ನೂ ತಂದರು. ತುಟ್ಟಿ, ಭಯ, ಹೊಟ್ಟೆಕಿಚ್ಚು, ಬಂದೂಕು ಎಲ್ಲ ಒಂದೇ ಗಡಿಗೆಯಲ್ಲಿ ಕುದ್ದವು.

ಈ ಕುದಿತದಲ್ಲಿ ನಮ್ಮ ಕೇರಿ ಎಲ್ಲಿತ್ತು? ವಿಮೋಚನಾ ಸಾಹಿತ್ಯ ತಲೆ ತಗ್ಗಿಸಿ ದಾಟಿಹೋಗುವ ಜಾಗ ಇದು. ದಲಿತ ನಾಯಕ ಬಿ.ಎಸ್. ವೆಂಕಟರಾವ್ ಲಾಯಕ್ ಅಲಿಯ ಮಂತ್ರಿಮಂಡಲದಲ್ಲಿ ಶಿಕ್ಷಣ ಮಂತ್ರಿ. ಬಿ. ಶಾಮಸುಂದರ್ 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಪರವಾಗಿ ವಿಶ್ವಸಂಸ್ಥೆಗೆ ಹೋದ ನಿಯೋಗದಲ್ಲಿ ಒಬ್ಬರು. ಇದೇ ಶಾಮಸುಂದರ್ 1968ರಲ್ಲಿ ನಮ್ಮ ಗುಲ್ಬರ್ಗಾದಲ್ಲೇ ಭೀಮಸೇನೆ ಕಟ್ಟಿದರು. ಮೊದಲನೆಯದಕ್ಕೆ ಅವರನ್ನು ದ್ರೋಹಿ ಎನ್ನುವವರು ಎರಡನೆಯದನ್ನು ಹೇಳುವುದಿಲ್ಲ. ಎರಡನೆಯದಕ್ಕೆ ಜೈಕಾರ ಹಾಕುವ ನಮ್ಮವರು ಮೊದಲನೆಯದಕ್ಕೆ ಬಾಯಿ ಮುಚ್ಚತಾರ. ಎರಡನ್ನೂ ಜೋಡಿಸಿ ನೋಡಬೇಕು. ಹಿಂದೂ ಗೌಡನ ಬಿಟ್ಟಿ ಬೇಗಾರದಿಂದ ಪಾರಾಗಲು ಒಂದು ಬಾಗಿಲು ತೆರೆದಂತೆ ಅವರಿಗೆ ಕಂಡಿತು. ಕುಡಿಯುವ ನೀರಿಗೆ ಬಾವಿ ಕಟ್ಟೆ ಹತ್ತಗೊಡದವರು ನಾಳೆ ರಾಜ್ಯ ಆಳುವವರು ಎಂಬ ಭಯ ಸುಳ್ಳ ಭಯ ಆಗಿರಲಿಲ್ಲ. ಆದರೆ ಬಾಗಿಲ ಆಚೆಗಿದ್ದದ್ದೂ ಜಾಗೀರದಾರನ ಅಂಗಳವೇ. 1947ರ ನವೆಂಬರಿನಲ್ಲಿ ಬಾಬಾಸಾಹೇಬರು ಹೈದರಾಬಾದಿನ ಪರಿಶಿಷ್ಟರಿಗೆ ನಿಜಾಮನ ಪಕ್ಕ ನಿಲ್ಲಬೇಡಿ, ಇತ್ತೆಹಾದವನ್ನು ನಂಬಬೇಡಿ ಎಂದು ಸ್ಪಷ್ಟವಾಗಿ ಹೇಳಿದ್ದರು. ಅವರು ಕಂಡದ್ದನ್ನು ವೆಂಕಟರಾವ್, ಶಾಮಸುಂದರ್ ಕಾಣಲಿಲ್ಲ. ನಮ್ಮ ತೀರ್ಪು ಇದು: ಅವರ ಹಾದಿ ತಪ್ಪು, ಅವರ ಸಿಟ್ಟು ಖರೆ. ಎರಡೂ ಕಡೆಯವರಿಗೆ ಕೇರಿ ಬೇಕಾದದ್ದು ತಲೆ ಎಣಿಸುವುದಕ್ಕೆ. ಮುಸಲ್ಮಾನರಾದರೆ ಇವರ ಸಂಖ್ಯೆ, ಹಿಂದೂ ಆಗಿ ಉಳಿದರೆ ಅವರ ಸಂಖ್ಯೆ. ಮನುಷ್ಯರೆಂದು ಎಣಿಸಿದವರು ಯಾರೂ ಇಲ್ಲ.

ಈಗ ಎರಡನೇ ಗದ್ದಲಕ್ಕೆ ಬರೋಣ. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂತು, 17ಕ್ಕೆ ನಿಜಾಮ ಶರಣಾದ. ಭಾಷಣಗಳು ಇಲ್ಲಿ ಮುಗೀತಾವ, ಕತೆಗಳೂ ಇಲ್ಲೇ ಮುಗೀತಾವ. 2024ರಲ್ಲಿ 'ರಜಾಕಾರ್' ಎಂಬ ತೆಲುಗು ಸಿನಿಮಾ ಬಂತು. ಹೈದರಾಬಾದಿನ ಮೌನ ಜನಾಂಗಹತ್ಯೆ ಎಂಬರ್ಥದ ಇಂಗ್ಲಿಷ್ ಉಪಶೀರ್ಷಿಕೆ ಅದಕ್ಕೆ. ಮೌನ ಎಂಬ ಮಾತು ಖರೆ. ಆದರೆ ಯಾವುದರ ಬಗೆಗಿನ ಮೌನ? ಆ ಸೆಪ್ಟೆಂಬರಿನ ನಂತರ ಆದದ್ದನ್ನು ನೋಡಲು ದಿಲ್ಲಿ ಸರಕಾರವೇ ಒಂದು ಸಮಿತಿ ಕಳಿಸಿತ್ತು: ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ. ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಅವರು 16 ಜಿಲ್ಲೆಗಳಲ್ಲಿ 9ನ್ನು ಸುತ್ತಿದರು. ಅವರ ಅಂದಾಜಿನ ಪ್ರಕಾರ ಸೈನಿಕ ಕಾರ್ಯಾಚರಣೆ ಮತ್ತು ಅದರ ನಂತರ ಸಂಸ್ಥಾನದಲ್ಲಿ ಸತ್ತವರು ಕಡಿಮೆಯೆಂದರೂ 27,000ದಿಂದ 40,000. ಎಲ್ಲಕ್ಕಿಂತ ಹೆಚ್ಚು ಸಾವು ಆದದ್ದು ನಾಲ್ಕು ಜಿಲ್ಲೆಗಳಲ್ಲಿ: ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ. ಈ ನಾಲ್ಕರಲ್ಲೇ 18,000ಕ್ಕೆ ಕಡಿಮೆಯಿಲ್ಲ. ಸತ್ತವರಲ್ಲಿ ಹೆಚ್ಚಿನವರು ಮುಸಲ್ಮಾನರು.

ಗುಲ್ಬರ್ಗಾ ಅಂತ ಅದರಾಗ ಬರೆದದ, ಗೆಳೆಯರೇ. ನಮ್ಮ ಜಿಲ್ಲೆ. ನಾವು ಓದಿದ ಯಾವ ಪಠ್ಯಪುಸ್ತಕದಲ್ಲೂ ಇದು ಇರಲಿಲ್ಲ. ವರದಿಯನ್ನು ಸರಕಾರ ಪ್ರಕಟಿಸಲಿಲ್ಲ. 2013ರ ಹೊತ್ತಿಗೆ ಅದು ಸಾರ್ವಜನಿಕರ ಕಣ್ಣಿಗೆ ಬಿತ್ತು, ಎ.ಜಿ. ನೂರಾನಿ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಅದನ್ನು ಅಚ್ಚು ಹಾಕಿದರು. 65 ವರ್ಷ!

ಕೊಂದವರು ಯಾರು? ರಜಾಕಾರರ ಮೇಲಿನ ಸೇಡು ಎಂದು ಹೇಳಿ ಕೈತೊಳೆಯುವುದು ಸುಲಭ. ಸೇಡು ಇತ್ತು, ಇಲ್ಲ ಅನ್ನೋದಿಲ್ಲ. ಆದರೆ ಹೆಗಲ ಮೇಲೆ ಬಂದೂಕು ಹೊತ್ತು ಮೆರೆದವರು ಎಷ್ಟು ಮಂದಿ, ಸತ್ತ ಮುದುಕರು, ಹೆಂಗಸರು, ಕೂಸುಗಳು ಎಷ್ಟು? ಸೋಲಾಪುರ ಮೊದಲಾದ ಕಡೆಯಿಂದ ಶಸ್ತ್ರ ಹಿಡಿದು ಬಂದ ಕೋಮುವಾದಿ ಸಂಘಟನೆಯವರು ಗುಂಪುಗಳ ಮುಂದಿದ್ದರು ಎಂದು ವರದಿ ಹೇಳುತ್ತದೆ. ಕೆಲವು ಕಡೆ ಕಮ್ಯುನಿಸ್ಟರೂ ಇದ್ದರು ಎಂದೂ ಹೇಳುತ್ತದೆ, ಅದನ್ನು ನಾವು ಮುಚ್ಚಿಡುವುದಿಲ್ಲ. ಸೈನ್ಯದ, ಪೊಲೀಸರ ಪೈಕಿ ಕೆಲವರು ಲೂಟಿಗೆ ಕುಮ್ಮಕ್ಕು ಕೊಟ್ಟದ್ದನ್ನೂ ದಾಖಲಿಸಿದೆ. ಕೊಲೆಯ ಹಿಂದೆ ಲೂಟಿ, ಲೂಟಿಯ ಹಿಂದೆ ಮನೆ, ಹೊಲ, ಅಂಗಡಿಗಳ ಕಬ್ಜಾ. ಮೇಲಿನ ನಾಲ್ಕು ಜಿಲ್ಲೆಗಳನ್ನು ನಕ್ಷೆಯಲ್ಲಿ ನೋಡಿರಿ. ಎಲ್ಲ ಪಡುವಣ ಕಡೆಯವು, ಮರಾಠಿ ಕನ್ನಡದ ಸೀಮೆ. ಭೂಮಿಯ ಹೋರಾಟ ಗಟ್ಟಿಯಾಗಿದ್ದ ನಲಗೊಂಡಾ ಆ ಪಟ್ಟಿಯ ಎರಡನೇ ಸಾಲಿಗೆ ಬರುತ್ತದೆ. ಹೆಚ್ಚು ಕೊಲೆಯಾದ ಎಂಟು ಜಿಲ್ಲೆಗಳ ಹೆಸರಿನಲ್ಲಿ ವರಂಗಲ್ ಇಲ್ಲವೇ ಇಲ್ಲ. ಇದೊಂದರಿಂದಲೇ ಎಲ್ಲ ಸಾಬೀತಾಯಿತು ಎನ್ನಲಾರೆವು. ಆದರೂ ಬಡವನ ಸಿಟ್ಟಿಗೆ ಯಾರು ದಿಕ್ಕು ತೋರಿಸಿದರು ಎಂಬುದರ ಮೇಲೆ ಹೆಣಗಳ ಲೆಕ್ಕ ಬದಲಾಗತದ ಎಂಬ ನಮ್ಮ ಗುಮಾನಿಗೆ ಇದು ಬಲ ಕೊಡುತ್ತದೆ.

ಇದನ್ನು ಜನಾಂಗಹತ್ಯೆ ಎನ್ನಬೇಕೆ? ಈ ಸಮಿತಿ ನಮ್ಮ ಸೀಮೆಗಳಲ್ಲಿ ತಿರುಗುತ್ತಿದ್ದ ವಾರಗಳಲ್ಲೇ, 1948ರ ಡಿಸೆಂಬರ್ 9ರಂದು, ವಿಶ್ವಸಂಸ್ಥೆ ಜನಾಂಗಹತ್ಯೆಯ ವಿರುದ್ಧದ ಒಡಂಬಡಿಕೆಯನ್ನು ಒಪ್ಪಿತು. ಒಂದು ಸಮುದಾಯವನ್ನು ಇಡಿಯಾಗಿ ಇಲ್ಲವೆ ಭಾಗಶಃ ಅಳಿಸುವ ಉದ್ದೇಶ ಇರಬೇಕೆಂಬುದು ಅದರ ಕಟ್ಟು. ಜರ್ಮನಿಯಲ್ಲಿ ಆ ಉದ್ದೇಶ ಸರಕಾರದ ಕಾಗದದಲ್ಲೇ ಇತ್ತು. ರಜವಿಯ ಹಾವಳಿಯಲ್ಲಿ ಆಗಲಿ, ಸೆಪ್ಟೆಂಬರಿನ ನಂತರದ ಕೊಲೆಗಳಲ್ಲಿ ಆಗಲಿ ಅಂಥ ಕಾಗದ ನಮಗೆ ಕಂಡಿಲ್ಲ. ಹಾಗಾಗಿ ನಾವು ಕಗ್ಗೊಲೆ ಎಂದೇ ಬರೆಯುತ್ತೇವೆ. ಆದರೆ ಮೊದಲನೆಯದಕ್ಕೆ ಜನಾಂಗಹತ್ಯೆ ಎಂದು ಪೋಸ್ಟರ್ ಹಚ್ಚಿ, ಎರಡನೆಯದನ್ನು ಶಾಂತಿ ಸ್ಥಾಪನೆ ಎನ್ನುವ ತಕ್ಕಡಿಯನ್ನು ನಾವು ಒಪ್ಪಲಾರೆವು. ಕಲ್ಲು ಅದೇ, ತೂಕ ಬೇರೆ ಹೆಂಗಾದೀತು?

ಒಡೆಯರ ಗತಿ ಏನಾಯಿತು ನೋಡಿರಿ. ನಿಜಾಮ 1950ರ ಜನವರಿ 26ರಿಂದ 1956ರವರೆಗೆ ಅದೇ ರಾಜ್ಯದ ರಾಜಪ್ರಮುಖ, ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನ. 1949ರ ಆಗಸ್ಟಿನಲ್ಲಿ ಜಾಗೀರು ರದ್ದಾದವು, ಜಾಗೀರದಾರರಿಗೆ ಪರಿಹಾರ ಕಟ್ಟಲಾಯಿತು. ಲಾಯಕ್ ಅಲಿ 1950ರಲ್ಲಿ ಪಾಕಿಸ್ತಾನಕ್ಕೆ ಪಾರಾದ. ರಜವಿ 1957ರವರೆಗೆ ಜೇಲಿನಲ್ಲಿದ್ದು ಅವನೂ ಅಲ್ಲಿಗೇ ಹೋದ, 1970ರಲ್ಲಿ ಸತ್ತ. ಊರ ಗೌಡ, ದೇಶಮುಖರು ರುಮಾಲು ತೆಗೆದು ಬಿಳಿ ಟೋಪಿ ಹಾಕಿದರು. ಕೆಂಬಾವುಟದವರ ಮೇಲೆ ಮಾತ್ರ ಸೈನ್ಯದ ಬೇಟೆ 1951ರವರೆಗೆ ನಡೆಯಿತು. ಮಗ್ಗದ ಕುಣಿಯಲ್ಲಿದ್ದ ಮುಸಲ್ಮಾನ 'ಅರಸ'ನ ಹೆಂಡತಿ ವಿಧವೆಯಾದಳು. ಬೇಗಾರದವನು ಬೇಗಾರದಲ್ಲೇ ಉಳಿದ.

ಪುಸ್ತಕಗಳನ್ನು ತೆಗೆದರೆ, ಕೆ.ಎಂ. ಮುನ್ಶಿ 1957ರಲ್ಲಿ ಬರೆದರು, ಲಾಯಕ್ ಅಲಿ 1962ರಲ್ಲಿ ಬರೆದ, ಸ್ವಾಮಿ ರಾಮಾನಂದ ತೀರ್ಥರು 1967ರಲ್ಲಿ ಬರೆದರು. ಮೊದಲ ಇಬ್ಬರ ಲೋಕ ಬಂಗಲೆ, ತಂತಿ, ಸಂಧಾನ. ತೀರ್ಥರದು ಸೆರೆಮನೆ, ಸತ್ಯಾಗ್ರಹದ ಲೋಕ, ಅದರ ಪ್ರಾಮಾಣಿಕತೆಗೆ ನಾವು ತಲೆಬಾಗುತ್ತೇವೆ. ಮೂರೂ ಕಡೆ ಚರಿತ್ರೆ ನಡೆಸುವವರು ದೊಡ್ಡವರು. ನಮ್ಮ ಕನ್ನಡದ ವಿಮೋಚನಾ ಪದ್ಯ, ನಾಟಕ, ಸಂಚಿಕೆಗಳು ಈ ಎತ್ತರದಿಂದಲೇ ಕೆಳಗೆ ನೋಡುತ್ತ ಬಂದವು. ಅವುಗಳಲ್ಲಿ ರಜಾಕಾರ ಯಾವಾಗಲೂ ಗಡ್ಡದ ರಾಕ್ಷಸ, ಹಸಿದ ಬೀಡಿ ಕೆಲಸಗಾರ ಎಂದೂ ಅಲ್ಲ. ರಾಕ್ಷಸನನ್ನು ಕೊಂದರೆ ಕತೆ ಮುಗೀತದ. ಹಸಿದವನಿಗೆ ಸುಳ್ಳ ಕಿರೀಟ ಹಾಕಿದವನು ಯಾರು ಎಂದು ಕೇಳಿದರೆ ಗೌಡರ ವಾಡೆಯವರೆಗೆ ಹೋಗಬೇಕಾಗತದ. ಆ ಹಾದಿ ನಮ್ಮ ಕವಿಗಳಿಗೆ ಬೇಡವಾಗಿತ್ತು. ರಾವೂರಿನ ಸುತ್ತ ಫರ್ಸಿ ಖಣಿಗಳಲ್ಲಿ ಹೊಲೆಯರ ಮಗ, ಮಾದಿಗರ ಮಗ, ವಡ್ಡರ ಮಗ, ಸಾಬರ ಮಗ ಒಂದೇ ಹಾಸನ್ನು ಎಬ್ಬಿಸುತ್ತಾರೆ. ಒಂದೇ ದೂಳು ಕುಡಿಯುತ್ತಾರೆ. ನಮ್ಮ ವಿಮೋಚನಾ ಸಾಹಿತ್ಯದಲ್ಲಿ ಈ ನಾಲ್ವರೂ ಒಟ್ಟಿಗೆ ಬರುವ ಒಂದು ಪುಟವನ್ನೂ ನಾವು ಕಂಡಿಲ್ಲ.

ಸುಂದರಲಾಲ್ ವರದಿಯಲ್ಲಿ ಒಂದು ಸಣ್ಣ ಸಂಗತಿ ಇದೆ. ಸಾವಿನ ಅಂಕಿಗಳ ನಡುವೆ ಕಣ್ಣು ತಪ್ಪಿ ಹೋಗುವಂಥದು. ಕೆಲವು ಕಡೆ ಹಿಂದೂ ನೇಕಾರರು ಮುಸಲ್ಮಾನ ನೇಕಾರರ ಪರವಾಗಿ ಹಿಂದೂ ಗುಂಪುಗಳಿಗೆ ಎದುರು ನಿಂತರು, ತಮ್ಮ ಜೀವ ಕೊಟ್ಟು ಅವರನ್ನು ಉಳಿಸಿದರು. ಒಂದೇ ಕಸುಬಿನವರು ಎಂಬ ಬಳಗ ಅಲ್ಲಿ ಧರ್ಮಕ್ಕಿಂತ ಗಟ್ಟಿಯಾಗಿತ್ತು. ಸೇಡಂ, ಚಿಂಚೋಳಿ, ಚಿತ್ತಾಪುರ, ವಾಡಿ, ಶಹಾಬಾದ ಕಡೆಯ ಗೆಳೆಯರು ತಮ್ಮ ಊರಿನ ಮುತ್ಯಾಗಳನ್ನು, ಆಯಿಗಳನ್ನು ಕೂಡಿಸಿಕೊಂಡು ಕೇಳಬೇಕು. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ, ಹೆಚ್ಚು ದಿನ ಉಳಿದಿಲ್ಲ. ಎರಡೂ ಗದ್ದಲದಾಗ ಯಾರು ಯಾರ ಮನಿ ಸುಟ್ಟರು, ಯಾರು ಯಾರನ್ನ ಜ್ವಾಳದ ಹಗೇವಿನಾಗ ಅಡಗಿಸಿಟ್ಟರು, ಸತ್ತವರ ಹೊಲ ಆಮ್ಯಾಲ ಯಾರ ಹೆಸರಿಗೆ ಪಹಣಿ ಆಯ್ತು, ಅವರು ಹೇಳಿದ್ದನ್ನು ಹೇಳಿದ ಮಾತಿನಲ್ಲೇ ಬರೆದು ಈ ಪತ್ರಿಕೆಗೆ ಕಳಿಸಿರಿ. ಹೇಳಿದವರು ಬೇಡ ಅಂದರೆ ಅವರ ಹೆಸರು ಹಾಕುವುದಿಲ್ಲ.